ಆಯುಧಪೂಜೆಯ ಗಾಡಿ

ಬಸವಕುಮಾರನ ಕಾರು ನಿಂತಲ್ಲೇ ನಡುಗುತ್ತಿತ್ತು. ಓಡುವಾಗ ಅಷ್ಟೇನೂ ಗೊತ್ತಾಗುತ್ತಿರಲಿಲ್ಲ. ಗಂಡಸಿ ಊರಿನ ಸಂತೆಬೀದಿಯಲ್ಲಿ ಯಾವುದಾದರೂ ಟ್ರ್ಯಾಕ್ಟರಿನ ಹಿಂದೆ ನಿಲ್ಲಬೇಕಾಗಿ ಬಂದರೆ ಮಾತ್ರ ಸ್ಟೇರಿಂಗು ಕೈಯಲ್ಲಿ ಜುಮ್ಮೆನ್ನುತ್ತಿತ್ತು, ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಪುಟ್ಟ ಬಸವಣ್ಣ ತಲೆಯಾಡಿಸುತ್ತಿದ್ದ. ಆಗ ಬಸವಕುಮಾರ ಇಳಿದು, ಬಾನೆಟ್ ಎತ್ತಿ, ಸ್ಕ್ರೂಡ್ರೈವರಿನಿಂದ ಕಾರ್ಬೊರೇಟರಿನ ಒಂದು ಸ್ಕ್ರೂವನ್ನು ತುಸು ತಿರುಗಿಸುತ್ತಿದ್ದ. ಎಂಜಿನ್ ಜೋರಾಗಿ ಕೂಗತೊಡಗುತ್ತಿತ್ತು, ನಡುಕ ಅಡಗುತ್ತಿತ್ತು. ರಿಪೇರಿ ಮುಗಿಯಿತೆಂದು ಕೈ ಒರೆಸಿಕೊಳ್ಳುತ್ತಿದ್ದ.

"ಜ್ವರ ಬಂದೋರಿಗೆ ಕಂಬಳಿ ಹೊದ್ಸಿ, ವಾಸಿ ಆಯ್ತು ಅಂದಂಗಾಯ್ತು ನಿಮ್ದು" ಎಂದು ಹೆಂಡತಿ ಕಾಂತಮ್ಮ ನಗುತ್ತಿದ್ದಳು. "ಅರಸೀಕೆರೆಗೆ ತಗೊಂಡೋಗಿ ತೋರಿಸ್ರೀ."

ತೋರಿಸಿರಲಿಲ್ಲ. ಕೊಬ್ಬರಿ ಸುಲಿಸುವ ಕೆಲಸ, ತೋಟದ ಕೆಲಸ, ಮಠದ ಕೆಲಸ, ಒಂದಲ್ಲ ಒಂದು ಅಡ್ಡ ಬರುತ್ತಿತ್ತು. ನಿಜ ಹೇಳಬೇಕೆಂದರೆ ಯಾವುದೂ ಅಡ್ಡ ಬಂದಿರಲಿಲ್ಲ, ಸೋಮಾರಿತನ ಅಷ್ಟೆ.

ಎರಡು ವರ್ಷದ ಹಿಂದಿನ ಆಯುಧಪೂಜೆಯ ದಿನ ಪೂಜೆ ಮುಗಿಸಿ ಊಟಕ್ಕೆ ಕೂರುವ ಹೊತ್ತಿಗೆ ಕಾಂತಮ್ಮ ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಚೆಂಡು ಹೂವಿನ ಹಾರ ಹಾಕಿದ್ದ ಅದೇ ಕಾರಿನಲ್ಲಿ ಅವಳನ್ನು ಮಲಗಿಸಿಕೊಂಡು ಅಪ್ಪ ಮಗಳು ಅರಸೀಕೆರೆಯ ಆಸ್ಪತ್ರೆಗೆ ಹೊರಟರು. ಅರ್ಧ ದಾರಿಯಲ್ಲಿ ಕಾರು ಎರಡು ಸಲ ಗುಕ್ಕು ಗುಕ್ಕೆಂದು ಕೆಮ್ಮಿ ನಿಂತುಬಿಟ್ಟಿತು. ಎಷ್ಟು ಸೆಲ್ಫ್ ಹೊಡೆದರೂ ಹತ್ತಲಿಲ್ಲ. ಹಬ್ಬದ ದಿನ, ರಸ್ತೆಯಲ್ಲಿ ನರಪಿಳ್ಳೆಯೂ ಇಲ್ಲ. ಕೊನೆಗೆ ಹಾಲಿನ ವ್ಯಾನೊಂದು ಸಿಕ್ಕಿತು. ಆಸ್ಪತ್ರೆಯಲ್ಲಿ ಡಾಕ್ಟರು ಕನ್ನಡಕ ತೆಗೆದು, "ಸ್ವಲ್ಪ ಮುಂಚೆ ತಂದಿದ್ರೆ..." ಎಂದರು. ಮಗಳು ಸ್ವಾತಿ ಪಕ್ಕದಲ್ಲೇ ನಿಂತಿದ್ದಳು.

ಮಾರನೆಯ ದಿನ ಕಾರನ್ನು ಎಳೆದು ತರಲು ಹೋದವರು ಸುಮ್ಮನೆ ಕೀ ತಿರುಗಿಸಿ ನೋಡಿದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹಾಳು ಕಾರು, ಅದಕ್ಕಾದರೂ ಮಾನ ಮರ್ಯಾದೆ ಬೇಡವೇ!

"ಅಮ್ಮ ಎಷ್ಟು ಸಲ ಹೇಳಿದ್ಲು, ತೋರ್ಸಿ ತೋರ್ಸಿ ಅಂತ" ಎಂದು ಸ್ವಾತಿ ಮಣ್ಣು ಮುಗಿದ ದಿನ ಹೇಳಿದ್ದೇ ಕೊನೆ. ಆಮೇಲೆ ಅವಳ ಮಾತು ಅಳೆದು ಸುರಿದಂತಾಯಿತು. ಊಟಕ್ಕೆ ಬನ್ನಿ, ನೀರು ಕಾದಿದೆ, ನಾನು ಸ್ಕೂಲಿಗೆ ಹೊರಟೆ. ಬಸವಕುಮಾರನೂ ಹೂಂ ಎನ್ನುತ್ತಿದ್ದ. ಅವನು ಹೆಂಡತಿಗಾಗಿ ಅತ್ತಿರಲಿಲ್ಲ. ಕಲ್ಲುಮನಸ್ಸಿನವನೆಂದು ನೆಂಟರು ಆಡಿಕೊಂಡರು, ಆಡಿಕೊಳ್ಳಲಿ. ಅಳು ಬರುವ ಜಾಗವೇ ಮರಗಟ್ಟಿ ಹೋಗಿತ್ತು. ಸಾರಿಗೆ ಉಪ್ಪು ಕಡಿಮೆಯೋ ಹೆಚ್ಚೋ ತಿಳಿಯುತ್ತಿರಲಿಲ್ಲ. ಅದೇ ಕಾರಿನಲ್ಲಿ ತೋಟಕ್ಕೆ ಹೋಗುತ್ತಿದ್ದ, ಬರುತ್ತಿದ್ದ. ಕಾರು ನಡುಗುತ್ತಿತ್ತು, ಅವನು ಸ್ಕ್ರೂ ತಿರುಗಿಸುತ್ತಿದ್ದ.

ಹೋದ ವರ್ಷ ಅದೇ ದಿನ ಕಾಂತಮ್ಮನ ವರ್ಷದ ಪೂಜೆಯಾಗಿತ್ತು, ಹಬ್ಬ ಮಾಡಲಿಲ್ಲ. ಈ ವರ್ಷ ಮನೆಯಲ್ಲಿ ಮತ್ತೆ ದೀಪ ಹಚ್ಚಲೇಬೇಕೆಂದು ಅಕ್ಕ ಬಸಮ್ಮ ಬೇಲೂರಿನಿಂದ ಫೋನು ಮಾಡಿ ಹಠ ಹಿಡಿದಳು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸ್ವಾತಿ ಅಪ್ಪನ ಮುಂದೆ ಕಾಫಿ ಲೋಟ ಇಟ್ಟು, ಹೋಗದೆ ನಿಂತಳು.

"ಈ ಗಾಡಿಗೆ ನಾನು ಪೂಜೆ ಮಾಡ್ಬೇಕು ಅಂದ್ರೆ, ಅವತ್ತು ಇದಕ್ಕೇನಾಗಿತ್ತು ಅಂತ ಮೊದ್ಲು ತಿಳ್ಕೊಂಡು ಬನ್ನಿ, ಅಪ್ಪಾಜಿ. ನಂಗೆ ಗೊತ್ತಾಗ್ಬೇಕು."

ಎರಡು ವರ್ಷದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು. ಬಸವಕುಮಾರ ಕಾಫಿ ಕುಡಿದವನೇ ಅರಸೀಕೆರೆಗೆ ಹೊರಟ.

ಹಬ್ಬದ ಮುನ್ನಾದಿನ ಚಿಕ್ಕಣ್ಣನ ಗ್ಯಾರೇಜಿನ ಮುಂದೆ ಗಾಡಿಗಳ ಸಾಲೇ ಇತ್ತು. ಚಿಕ್ಕಣ್ಣ ಬಸವಕುಮಾರನ ಜೊತೆ ಹೈಸ್ಕೂಲಿನಲ್ಲಿ ಓದಿದವನು, ಬಾಯಿಬಡುಕ. ಅವತ್ತು ದಾರಿಯಲ್ಲಿ ನಡೆದದ್ದು, ಮಗಳು ಕೇಳಿದ್ದು ಎರಡನ್ನೂ ಬಸವಕುಮಾರ ಅವನಿಗೆ ಹೇಳಿದ. ಚಿಕ್ಕಣ್ಣ ಬಾನೆಟ್ ಎತ್ತಿ ಎಂಜಿನ್ನಿನ ಕೂಗು ಕೇಳಿದವನೇ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿಬಿಟ್ಟ. ಕಾರು ಗಡಗಡ ನಡುಗಲು ಶುರುವಾಯಿತು.

"ಇಷ್ಟು ವರ್ಷ ಇದರ ಬಾಯಿಗೆ ಬಟ್ಟೆ ತುರುಕಿ ಇಟ್ಟಿದ್ದೀಯಲ್ಲೋ ಮಾರಾಯ. ಮಿಸ್ಸಿಂಗ್ ಹೊಡೀತೈತೆ. ಮೂರು ಸಿಲಿಂಡರ್‌ನಾಗೆ ಯಾವುದೋ ಒಂದು ಕೆಲ್ಸ ಮಾಡ್ತಿಲ್ಲ. ಯಾವ್ದು ಅಂತ ನೋಡವ, ತಾಳು."

ಅವನು ಬಟ್ಟೆ ಸುತ್ತಿಕೊಂಡ ಕೈಯಿಂದ ಮೊದಲನೆಯ ಪ್ಲಗ್ಗಿನ ವೈರು ಕಿತ್ತ. ಎಂಜಿನ್ ಇನ್ನಷ್ಟು ಕುಂಟಿತು. ಹಾಕಿದ. ಮೂರನೆಯದನ್ನು ಕಿತ್ತ, ಆಗಲೂ ಕುಂಟಿತು. ಎರಡನೆಯದನ್ನು ಕಿತ್ತಾಗ ಏನೂ ಆಗಲಿಲ್ಲ. ಇದ್ದ ನಡುಕ ಇದ್ದಂತೆಯೇ ಇತ್ತು.

"ಇದೇ. ಇದ್ದರೂ ಅಷ್ಟೆ, ಕಿತ್ತರೂ ಅಷ್ಟೆ" ಎಂದ ಚಿಕ್ಕಣ್ಣ.

ಬಸವಕುಮಾರ ಆ ವೈರನ್ನೇ ನೋಡುತ್ತ ನಿಂತ. ಕಿತ್ತರೂ ಗೊತ್ತಾಗದ ಸ್ಥಿತಿ ಏನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಚಿಕ್ಕಣ್ಣ ಎರಡನೆಯ ಪ್ಲಗ್ಗನ್ನು ಬಿಚ್ಚಿ ಮೂರನೆಯದರ ಜಾಗಕ್ಕೆ ಹಾಕಿದ, ಮೂರನೆಯದನ್ನು ಎರಡನೆಯದಕ್ಕೆ. ಆಗಲೂ ಸತ್ತದ್ದು ಎರಡನೆಯ ಸಿಲಿಂಡರೇ. ಅಂದರೆ ಪ್ಲಗ್ಗಿನ ತಪ್ಪಲ್ಲ. ವೈರು ಬದಲಿಸಿ ನೋಡಿದ, ಅದರದ್ದೂ ಅಲ್ಲ. ಆಮೇಲೆ ಮೂರು ಪ್ಲಗ್ಗುಗಳಿಗೂ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕಪ್ಪು ಕ್ಯಾಪನ್ನು ಬಿಚ್ಚಿ ಬಿಸಿಲಿಗೆ ಹಿಡಿದ.

"ನೋಡಿಲ್ಲಿ, ಸೀಳು ಬಿಟ್ಟೈತೆ. ಕೂದಲೆಳೆ ಅಷ್ಟು. ಎರಡನೇದರ ಕರೆಂಟೆಲ್ಲ ಇಲ್ಲೇ ಸೋರಿಹೋಗ್ತೈತೆ. ಆದ್ರೆ..." ಅವನು ತಲೆ ಕೆರೆದುಕೊಂಡ. "ಇಷ್ಟಕ್ಕೇ ಗಾಡಿ ದಾರೀಲಿ ಪೂರ್ತಿ ನಿಲ್ಲಲ್ಲ. ಎರಡು ಸಿಲಿಂಡರ್‌ನಾಗೆ ಕುಂಟ್ಕೊಂಡಾದ್ರೂ ಆಸ್ಪತ್ರೆ ಮುಟ್ಟಿಸ್ತಿತ್ತು."

ಕ್ಯಾಪನ್ನು ಮತ್ತೆ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿಸಿದ. ಕುಡಿಯುವ ನೀರಿನ ಬಾಟಲಿ ತೆಗೆದು ಸೀಳಿನ ಮೇಲೆ ಎರಡು ಸಲ ಚಿಮುಕಿಸಿದ. ಕಾರು ಗುಕ್ಕು ಗುಕ್ಕೆಂದು ಕೆಮ್ಮಿ ನಿಂತಿತು. ಅದೇ ಕೆಮ್ಮು. ಬಸವಕುಮಾರನಿಗೆ ಹಿಂದಿನ ಸೀಟಿನಿಂದ ಕಾಂತಮ್ಮನ ನರಳಾಟವೂ ಕೇಳಿಸಿದಂತಾಯಿತು. ಎಷ್ಟು ಸೆಲ್ಫ್ ಹೊಡೆದರೂ ಹತ್ತಲಿಲ್ಲ.

"ನೀರು ಹೋಗಿತ್ತು ಕಣಯ್ಯ! ಮೇಲೆ ನಿಂತಿದ್ದು ಓಡ್ತಾ ಓಡ್ತಾ ಸೀಳಿಗೆ ಇಳಿದೈತೆ. ಒಣಗಿದ ಮೇಲೆ ತಾನೇ ಸ್ಟಾರ್ಟ್ ಆಗೈತೆ." ಚಿಕ್ಕಣ್ಣ ಕ್ಯಾಪನ್ನು ಮತ್ತೆ ಬಿಚ್ಚಿ ಅದರ ಒಳಗಂಚನ್ನು ಉಗುರಿನಿಂದ ಕೆರೆದ. ಉಗುರಿಗೆ ಕೆಂಪಗೆ ಮೆತ್ತಿತು. "ಕುಂಕುಮ. ಆಯುಧಪೂಜೆ ನೀರೇ ಇದು. ಪ್ರತಿ ಹಬ್ಬಕ್ಕೂ ಇದೇ ಗೋಳು ನಂದು. ಎಂಜಿನ್ನಿಗೂ ಎಣ್ಣೆಸ್ನಾನ ಮಾಡಿಸಿದಂಗೆ ಪೈಪ್ ಹಿಡೀತಾರೆ. ಅವತ್ತು ಯಾರು ತೊಳೆದಿದ್ದು ಇದನ್ನ?"

ಬಸವಕುಮಾರನ ಕಣ್ಣ ಮುಂದೆ ಅಂಗಳ ಬಂತು. ಸ್ವಾತಿ ಚೂಡಿದಾರದ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು, ಬಾನೆಟ್ ಎತ್ತಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರು ಚಿಮ್ಮಿಸುತ್ತಿದ್ದಳು. ಹಿಂದಿನ ವರ್ಷಗಳ ಕುಂಕುಮವೆಲ್ಲ ಕರಗಿ ಕಾರಿನಡಿ ಕೆಂಪು ನೀರು ಹರಿಯುತ್ತಿತ್ತು. "ನೋಡಮ್ಮ, ಹೆಂಗೆ ಫಳಫಳ ಅಂತಿದೆ!" ಎಂದು ಕೂಗಿದ್ದಳು. ಕಾಂತಮ್ಮ ಬಾಗಿಲಲ್ಲಿ ನಿಂತು, ವಿಭೂತಿಯ ಬಟ್ಟಲು ಹಿಡಿದು ನಗುತ್ತಿದ್ದಳು.

"ಯಾರೋ. ಮರ್ತೋಗೈತೆ" ಎಂದ ಬಸವಕುಮಾರ.

ಹೊಸ ಕ್ಯಾಪು ಹಾಕಿದ ಮೇಲೆ ಎಂಜಿನ್ ಇದೆಯೋ ಇಲ್ಲವೋ ಎನ್ನುವಷ್ಟು ಸದ್ದಿಲ್ಲದೆ ಓಡತೊಡಗಿತು. ಹಳೆಯದನ್ನು ಮಗಳಿಗೆ ತೋರಿಸಲು ಒಯ್ಯೆಂದು ಚಿಕ್ಕಣ್ಣ ಪೇಪರಿನಲ್ಲಿ ಸುತ್ತಿಕೊಟ್ಟ. ದಾರಿಯುದ್ದಕ್ಕೂ ಅದು ಪಕ್ಕದ ಸೀಟಿನಲ್ಲಿತ್ತು. ಬಸವಕುಮಾರ ನಿರ್ದೋಷಿಯಲ್ಲ, ಕಾರನ್ನು ಮೊದಲೇ ತೋರಿಸಿದ್ದರೆ ನೀರು ಬಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಆದರೂ ಎರಡು ವರ್ಷ ಹೊತ್ತ ಭಾರದಲ್ಲಿ ಅರ್ಧ ಇಳಿಸಬಹುದಿತ್ತು. ಪೇಪರು ಬಿಚ್ಚಿ ಮಗಳ ಮುಂದಿಟ್ಟರೆ ಸಾಕು, ಅವಳು ಮತ್ತೆಂದೂ ಅವನ ಮೇಲೆ ಸಿಟ್ಟಾಗುವಂತಿರಲಿಲ್ಲ. ಆಸೆಯಾಯಿತು. ಸುಳ್ಳೇಕೆ, ಬಹಳ ಆಸೆಯಾಯಿತು. ಗಂಡಸಿಗೆ ಮುಂಚೆ ಸಿಗುವ ಕೆರೆಯ ಏರಿಯ ಮೇಲೆ ಕಾರು ನಿಲ್ಲಿಸಿ, ಇಳಿದು, ಪೊಟ್ಟಣವನ್ನು ಬೀಸಿ ನೀರಿಗೆಸೆದ.

ಸ್ವಾತಿ ಗೇಟಿನಲ್ಲೇ ಕಾಯುತ್ತಿದ್ದಳು. "ಏನಾಗಿತ್ತಂತೆ?"

"ಒಳಗೊಂದು ಕ್ಯಾಪು ಸೀಳಿತ್ತಂತೆ. ಹಳೇದು. ಮೊದ್ಲೇ ತೋರ್ಸಿದ್ರೆ ಸರಿಹೋಗೋದಂತೆ."

"ಅಮ್ಮ ಹೇಳಿರ್ಲಿಲ್ವಾ?"

"ಹೇಳಿದ್ಲು."

"ಮತ್ತೆ?"

"ನಂದೇ ತಪ್ಪು ಕಣವ್ವ."

ಸ್ವಾತಿ ತಿರುಗಿ ಒಳಗೆ ಹೋದಳು.

ಹಬ್ಬದ ಬೆಳಿಗ್ಗೆ ಅವನು ಎದ್ದು ಬರುವಷ್ಟರಲ್ಲಿ ಸ್ವಾತಿ ನಲ್ಲಿಗೆ ಪೈಪು ಸಿಕ್ಕಿಸಿಯಾಗಿತ್ತು. ಗಾಜು ತೊಳೆದು, ಬಾಗಿಲು ತೊಳೆದು, ಬಾನೆಟ್ಟಿನ ಮುಂದೆ ಬಂದು ನಿಂತಳು.

"ಇದನ್ನ ಎತ್ತಿ, ಅಪ್ಪಾಜಿ."

ಇದೊಂದನ್ನು ಬಸವಕುಮಾರ ಯೋಚಿಸಿಯೇ ಇರಲಿಲ್ಲ. "ಒಳಗೆ ನಾನು ಬಟ್ಟೇಲಿ ಒರೆಸ್ತೀನಿ ಬಿಡು."

"ಯಾಕೆ? ಯಾವಾಗ್ಲೂ ನಾನೇ ಅಲ್ವಾ ತೊಳೀತಿದ್ದಿದ್ದು?"

ಅವಳ ಕೈಯ ಪೈಪಿನಿಂದ ನೀರು ಅವನ ಪಾದದ ಮೇಲೆ ಹರಿಯುತ್ತಿತ್ತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅವಳು ಎಲ್ಲವನ್ನೂ ಊಹಿಸಿಬಿಡುತ್ತಾಳೆಂದು ಅವನಿಗೆ ಹೆದರಿಕೆಯಾಯಿತು.

"ನೆನ್ನೆ ತಾನೇ ಗ್ರೀಸು, ಆಯಿಲು ಎಲ್ಲ ಹಾಕ್ಸಿದೀನಿ. ತೊಳೆದ್ರೆ ಅಷ್ಟೂ ದಂಡ. ಕಾರನ್ನ ಇನ್ಮೇಲಾದ್ರೂ ನೆಟ್ಟಗೆ ನೋಡ್ಕೊಳ್ಳೋಣ ಅಂತ."

ಸ್ವಾತಿಯ ಕಣ್ಣು ಕೆಂಪಾಯಿತು. "ಈಗ ಬಂತಾ ನಿಮ್ಗೆ ಕಾಳಜಿ? ಈಗ? ಅಮ್ಮ ಹೋದ್ಮೇಲೆ?" ಎಂದು ಬೀದಿಗೆ ಕೇಳಿಸುವಂತೆ ಕೂಗಿದಳು.

"ಹೂಂ ಮಗಾ. ಈಗ ಬಂತು."

ಅವಳು ಪೈಪನ್ನು ಚಕ್ರದ ಕಡೆಗೆ ತಿರುಗಿಸಿಕೊಂಡು, ಬೆನ್ನು ಹಾಕಿ ಕೂತು, ಬಿಕ್ಕಿ ಬಿಕ್ಕಿ ಅಳುತ್ತ ಮಣ್ಣು ತೊಳೆಯತೊಡಗಿದಳು. ಬಸವಕುಮಾರ ಬಾನೆಟ್ ಎತ್ತಿ, ಅದರ ಮರೆಯಲ್ಲಿ ನಿಂತು, ಒಣ ಬಟ್ಟೆಯಿಂದ ಎಂಜಿನ್ ಒರೆಸಲು ಬಗ್ಗಿದ. ಹೊಸ ಕ್ಯಾಪಿನ ಮೇಲೆ ಹನಿಯೊಂದು ಬಿತ್ತು, ಹಿಂದೆಯೇ ಇನ್ನೊಂದು. ಪೈಪಿನ ನೀರು ಸಿಡಿಯಿತೇನೋ ಎಂದು ಅವನು ತಲೆಯೆತ್ತಿ ನೋಡಿದ. ಪೈಪು ಆ ಕಡೆಗಿತ್ತು. ಅವನು ಮೊದಲು ಕ್ಯಾಪನ್ನು ಒರೆಸಿದ, ಆಮೇಲೆ ಕಣ್ಣು.