ಸ್ಟಾಫ್ ಕಕ್ಕಸಿನ ತೀರ್ಪು

"ನಿನ್ನ ಅಪ್ಪ ಕಟ್ಟಿಸಿದ ಕಕ್ಕಸಾ ಅದು, ಬೇವರ್ಸಿ?"

ಕ್ಯಾಂಪ್ ಆಫೀಸರ್ ಅಖಿಲೇಶ್ ಕೇಳುತ್ತಿದ್ದ. ಚನಿಯ ತಲೆ ಬಗ್ಗಿಸಿ ನಿಂತಿದ್ದ. ಇಬ್ಬರೂ ಪುತ್ತೂರು ಕಡೆಯವರು. ಸೌದಿಯ ಯಾನ್ಬುವಿಗೆ ಬಂದ ಮೇಲೆ ಒಬ್ಬನಿಗೆ ಎಸಿ ರೂಮು, ಇನ್ನೊಬ್ಬನಿಗೆ ಪ್ಲಾಂಟಿನ ಪೈಪುಗಳ ಮೇಲಿನ ಬಿಸಿಲು.

"ಹೊಟ್ಟೆ ಕೆಟ್ಟಿತ್ತು ಧಣೀ. ನಮ್ಮ ಕಕ್ಕಸಲ್ಲಿ ನೀರಿರ್ಲಿಲ್ಲ. ತಡೀಲಿಕ್ಕೆ ಆಗ್ಲಿಲ್ಲ."

"ಆಗದಿದ್ರೆ ಚಡ್ಡಿಯಲ್ಲೇ ಮಾಡ್ಬೇಕಿತ್ತು. ಸ್ಟಾಫ್ ಕಕ್ಕಸಿಗೆ ಲೇಬರ್ ಹೋದ್ರೆ ಊರಿಗೆ ಟಿಕೆಟ್. ಬಾಗಿಲಲ್ಲಿ ಬರ್ದದ್ದು ಕಾಣ್ಲಿಲ್ವಾ?"

ಬರೆದದ್ದು ಇಂಗ್ಲಿಷಲ್ಲಿ, ಅರಬಿಯಲ್ಲಿ. ಚನಿಯನಿಗೆ ಎರಡೂ ಬಾರದು. ಬಂದಿದ್ದರೂ ಆ ಹೊತ್ತಿಗೆ ಓದುತ್ತ ನಿಲ್ಲುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹೊರಗೆ ಬಂದವನ ಕೈಯಲ್ಲೇ ಫಿನಾಯಿಲ್ ಹಾಕಿಸಿ ಅಖಿಲೇಶ್ ಮತ್ತೆ ಮತ್ತೆ ತೊಳೆಸಿದ್ದ. ಊರಲ್ಲಿ ಚನಿಯನ ಅಪ್ಪ ಧಣಿಗಳ ಅಂಗಳಕ್ಕೆ ಕಾಲಿಟ್ಟರೆ ಸೆಗಣಿ ನೀರು ಚಿಮುಕಿಸುತ್ತಿದ್ದರಂತೆ. ಈ ಮಹಾಶಯ ಅದನ್ನೂ ವಿಮಾನ ಹತ್ತಿಸಿ ತಂದಿದ್ದ.

ಕಂಪೆನಿಯಲ್ಲಿ ಹೊಸದೊಂದು ನಾಟಕ ಶುರುವಾಗಿತ್ತು. ಯಾರನ್ನಾದರೂ ಊರಿಗೆ ಓಡಿಸುವ ಮೊದಲು ಲೇಬರ್‌ಗಳದ್ದೇ ಕಮಿಟಿ ಕೂತು 'ತಪ್ಪು ಉಂಟು' ಅನ್ನಬೇಕು. ಈ ಸಲ ಕೂತವರು ಮೂವರು: ಭಟ್ಕಳದ ಡ್ರೈವರ್ ರಾಝಿಕ್, ವೆಲ್ಡರ್ ಜಿತೇಶ್, ಮತ್ತೆ ನಾನು, ಉಳ್ಳಾಲದ ಇಸ್ಮಾಯಿಲ್. ಅಖಿಲೇಶ್ ನಮಗೆ ಚಾ ತರಿಸಿದ. ಆ ಜಿಪುಣ ಚಾ ತರಿಸಿದಾಗಲೇ ನನಗೆ ವಾಸನೆ ಹೊಡೆದಿತ್ತು.

"ನಿಮಗೆ ಎಂತ ತಲೆಬಿಸಿ ಬೇಡ," ಅಂದ. "ಹೋದ್ನಾ ಇಲ್ವಾ, ಅಷ್ಟೇ ಹೇಳಿ. ರೂಲ್ ಸರಿಯಾ ತಪ್ಪಾ ಅಂತ ನೋಡ್ಲಿಕ್ಕೆ ನಾನುಂಟು."

"ಹೋದದ್ದು ಹೌದು," ಅಂದ ಜಿತೇಶ್. "ಇಡೀ ಯಾನ್ಬುಗೆ ಗೊತ್ತುಂಟು."

"ಹಾಗಾದ್ರೆ ತಪ್ಪು?"

ರಾಝಿಕ್ ಚಾ ಲೋಟ ಕೆಳಗಿಟ್ಟ. "ಗಲತಿ ಮಾಫಿ."

ಅಖಿಲೇಶನ ಮುಖ ಸಡಿಲವಾಯಿತು. "ಮಾಫಿ ಮಾಡಿದ್ರಾ? ಆಯ್ತು ಮಾರಾಯ, ನಾನೇನು ರಾಕ್ಷಸನಾ? ಚನಿಯ, ಎಲ್ಲರ ಎದುರು ನನ್ನ ಕಾಲು ಹಿಡಿ, ತಪ್ಪಾಯ್ತು ಅನ್ನು. ಟಿಕೆಟ್ ಕ್ಯಾನ್ಸಲ್."

ಚನಿಯ ಬಗ್ಗಿದ. ಹೆಂಡತಿ ಮಕ್ಕಳಿರುವವನು, ಬಗ್ಗದೆ ಏನು ಮಾಡಿಯಾನು? ನನಗೆ ಮೈಯೆಲ್ಲ ಉರಿದುಹೋಯಿತು. ತೋಳು ಹಿಡಿದು ಅವನನ್ನು ಎಬ್ಬಿಸಿದೆ.

"ಅದು ಉರ್ದು ಮಾಫಿ ಅಲ್ಲ ಸಾರ್," ಅಂದೆ. "ಇಲ್ಲಿಯ ಅರಬಿ ಮಾಫಿ. ನೀರು ಮಾಫಿ, ಕರೆಂಟ್ ಮಾಫಿ ಅಂತೇವಲ್ಲ, ಅದು. ಇಲ್ಲ ಅಂತ. ಕ್ಷಮಿಸ್ಲಿಕ್ಕೆ ತಪ್ಪೇ ಇಲ್ಲ."

"ಹೋದದ್ದು ಹೌದು ಅಂತೀರಿ, ತಪ್ಪಿಲ್ಲ ಅಂತೀರಿ. ತಲೆ ಸರಿ ಉಂಟಾ ನಿಮಗೆ?"

"ಹೋದದ್ದೂ ಹೌದು, ತಪ್ಪೂ ಇಲ್ಲ," ಅಂದ ರಾಝಿಕ್. "ಹೇಲು ಮೆತ್ತಿದ್ದು ನಿಮ್ಮ ರೂಲಿಗೆ. ಫಿನಾಯಿಲ್ ಅದಕ್ಕೆ ಹಾಕಿ."

ಅಖಿಲೇಶ್ ಕುರ್ಚಿ ಒದ್ದು ಎದ್ದ. "ನಾಳೆ ಬೇರೆ ಕಮಿಟಿ ಕೂರಿಸ್ತೇನೆ. ಸ್ಟಾಫ್ ಕಕ್ಕಸಿಗೆ ಕಾಲಿಡದ, ಮಾನ ಮರ್ಯಾದೆ ಇರುವವರನ್ನು. ಇವನ ಜೊತೆ ನಿಮ್ಮ ಮೂವರದ್ದೂ ಟಿಕೆಟ್ ತೆಗೀತೇನೆ ನೋಡಿ."

"ಕಾಲಿಡದವರು ಉಳಿದ್ರೆ ಅಲ್ವಾ ಕಮಿಟಿ," ಅನ್ನುತ್ತ ಜಿತೇಶ್ ಮೆಸ್ಸಿನ ಕಡೆ ಓಡಿದ.

ಊಟದ ಹೊತ್ತು. ಜಿತೇಶ್ ವಿಷಯ ಹೇಳಿ ಕರೆದದ್ದೇ ತಡ, ಬಿಹಾರಿಗಳು, ನೇಪಾಳಿಗಳು, ಮಲಯಾಳಿಗಳು ತಟ್ಟೆ ಬಿಟ್ಟು ಎದ್ದು ಬಂದರು. ಕೆಲವರು ಕೈ ಕೂಡ ತೊಳೆದಿರಲಿಲ್ಲ. ಸ್ಟಾಫ್ ಕಕ್ಕಸಿನ ಬಾಗಿಲಿನಿಂದ ಸಾಲು ಗೇಟಿನವರೆಗೂ ಬೆಳೆಯಿತು. ಎಲ್ಲರಿಗಿಂತ ಮುಂದೆ ನಾನಿದ್ದೆ. ಒಳಗೆ ಹೊಕ್ಕು ಚಿಲಕ ಹಾಕಿದೆ. ನನಗೆ ಬಂದಿರಲಿಲ್ಲ. ಆದರೂ ಪ್ಯಾಂಟು ಬಿಚ್ಚಿ ಕೂತೆ. ಊರು, ಮನೆ, ಎರಡನೇ ಮಗಳ ಮದುವೆ ಎಲ್ಲ ತಲೆಗೆ ಬಂತು. ಏಳಲಿಲ್ಲ.

ಅಖಿಲೇಶ್ ಬಾಗಿಲು ಗುದ್ದತೊಡಗಿದ. "ಒಳಗೆ ಯಾವನೋ ಅದು?"

"ಕಮಿಟಿ ಕೂತಿದೆ ಸಾರ್," ಅಂದೆ.