ಇಳಿಜಾರಿನ ಕಲ್ಲು

ಡೀಸೆಲಣ್ಣ ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ, ಅವನ ಟ್ರ್ಯಾಕ್ಟರ್ ನಿಂತರೆ ಶುರುವಾಗುವುದಿಲ್ಲ ಎಂದು ಬೀದಿಯವರೆಲ್ಲ ನಗುತ್ತಿದ್ದರು. ಅದಕ್ಕೇ ಅವನು ಸಂಜೆ ಗಾಡಿಯನ್ನು ಮನೆಯ ಪಕ್ಕದ ಇಳಿಜಾರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಬೆಳಿಗ್ಗೆ ಹೆಂಡತಿ ಕಲ್ಲು ಎಳೆಯಬೇಕು, ಗಾಡಿ ಉರುಳಬೇಕು, ಅವನು ಕ್ಲಚ್ ಬಿಡಬೇಕು. ಆಗ ಇಂಜಿನ್ ಕೆಮ್ಮುತ್ತಾ ಏಳುತ್ತಿತ್ತು. ಹಳೇ ಇಂಜಿನ್ನು, ಮೈ ಮುರಿದು ಏಳಲು ಹೊತ್ತು ಬೇಡವೇ ಎಂದು ಅವನ ವಾದ.

ಒಂದು ಬೆಳಿಗ್ಗೆ ಕಲ್ಲು ಎಳೆಯುವಾಗ ಅವಳ ಕಾಲು ಜಾರಿತು. ಚಕ್ರ ಚಪ್ಪಲಿಯ ಮೇಲೆ ಹಾದುಹೋಯಿತು. ಪಾದ ಕೂದಲೆಳೆಯಲ್ಲಿ ಪಾರಾಯಿತು. ಡೀಸೆಲಣ್ಣ ಗಾಬರಿಯಿಂದ ಬ್ರೇಕ್ ಒತ್ತಿದ, ಗಾಡಿ ಕೆಳಗಿನ ಸಮತಟ್ಟಿನಲ್ಲಿ ನಿಂತಿತು. ಅವಳು ಚಪ್ಪಟೆಯಾದ ಚಪ್ಪಲಿ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವಳ ತಂಗಿ ಪಂಪ್‌ಸೆಟ್ ಇಂಜಿನ್‌ಗಳ ಮೆಕ್ಯಾನಿಕ್. ಸುದ್ದಿ ತಿಳಿದು ಮಧ್ಯಾಹ್ನವೇ ಸ್ಪ್ಯಾನರ್ ಚೀಲ ಹಿಡಿದು ಬಂದಳು. ಇಂಜಿನ್ ಬಿಚ್ಚಿದರೆ ಇದ್ದದ್ದೂ ಕೆಟ್ಟೀತು ಎಂದು ಡೀಸೆಲಣ್ಣ ಗೊಣಗಿದ.

"ಬಿಚ್ಚೋದು ಕೊನೇ ಮಾತು ಭಾವ. ಮೊದಲು ಗೇರ್ ನ್ಯೂಟ್ರಲ್ ಮಾಡಿ, ಬ್ರೇಕ್ ಹಾಕಿ, ಕೀ ತಿರುಗಿಸಿ."

ಇಂಜಿನ್ ನರಳುತ್ತಾ ನಿಧಾನವಾಗಿ ತಿರುಗಿತು. ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಗಟ್ಟಿಯಾಗಿತ್ತು. ನಾದಿನಿ ವೈರು ಕಳಚಿ, ಉಜ್ಜಿ, ಬಿಗಿ ಮಾಡಿದಳು. ಈಗ ಜೋರಾಗಿ ತಿರುಗಿತು, ಆದರೂ ಹತ್ತಿಕೊಳ್ಳಲಿಲ್ಲ.

"ಸೈಲೆನ್ಸರ್ ನೋಡಿ. ಹೊಗೆನೇ ಇಲ್ಲ. ಅಂದ್ರೆ ಡೀಸೆಲ್ ಒಳಗೆ ಹೋಗ್ತಾ ಇಲ್ಲ."

ಟ್ಯಾಂಕ್ ತುಂಬಿತ್ತು. ಅವಳು ಪೈಪಿನ ಮೇಲೆ ಬೆರಳಾಡಿಸುತ್ತಾ ಹೋಗಿ ಫಿಲ್ಟರ್ ಹತ್ತಿರ ನಿಂತಳು. ಅಲ್ಲಿ ಒದ್ದೆ. ವಾಷರ್ ಬದಲು ಯಾರೋ ದಾರ ಸುತ್ತಿದ್ದರು. ಯಾರೆಂದು ಕೇಳಿದಾಗ ಡೀಸೆಲಣ್ಣ ಆಕಾಶ ನೋಡಿದ.

"ಡೀಸೆಲ್ ಜಿನುಗೋ ಸಂದಿಯಲ್ಲೇ ಗಾಳಿ ಒಳಗೆ ನುಗ್ಗುತ್ತೆ ಭಾವ. ಪೈಪಲ್ಲಿ ಗಾಳಿ ತುಂಬಿದ್ರೆ ಇಂಜಿನ್ ಉಪವಾಸ."

ಹೊಸ ವಾಷರ್ ಹಾಕಿ, ಫಿಲ್ಟರ್ ಮೇಲಿನ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಅದರ ಪಕ್ಕದ ಪುಟ್ಟ ಕೈಪಂಪ್ ಒತ್ತಲು ಭಾವನಿಗೆ ಹೇಳಿದಳು. ಬುರುಗು ಬಂತು, ಗುಳ್ಳೆ ಬಂತು, ಆಮೇಲೆ ಬರೀ ಡೀಸೆಲ್ ಬಂತು. ಆಗ ಸ್ಕ್ರೂ ಬಿಗಿದಳು. ಕೀ ತಿರುಗಿಸಿದ್ದೇ ತಡ, ಇಂಜಿನ್ ಹತ್ತಿಕೊಂಡಿತು. ಡೀಸೆಲಣ್ಣ ನಾದಿನಿಯ ಎಣ್ಣೆಗೈಯನ್ನೇ ಹಿಡಿದು ಕಣ್ಣಿಗೊತ್ತಿಕೊಂಡ.

ಮರುದಿನ ಬೆಳಿಗ್ಗೆ ಹೆಂಡತಿ ಅಭ್ಯಾಸಬಲದಿಂದ ಇಳಿಜಾರಿನ ಕಡೆ ಹೊರಟಳು. ಟ್ರ್ಯಾಕ್ಟರ್ ಅಂಗಳದಲ್ಲಿತ್ತು. ಕಲ್ಲು ಬಾಗಿಲ ಪಕ್ಕದಲ್ಲಿತ್ತು.

"ನೀನು ಆ ಕಲ್ಲಿನ ಮೇಲೆ ಕೂತ್ಕೋ," ಎಂದ ಡೀಸೆಲಣ್ಣ. "ಇಷ್ಟು ವರ್ಷ ಈ ಗಾಡಿಗೆ ಸ್ಟಾರ್ಟರ್ ನೀನೇ ಆಗಿದ್ದೆ. ನನಗೆ ಗೊತ್ತೇ ಆಗಲಿಲ್ಲ."

ಅವಳು ಕೂತಳು. ಅವನು ಕೀ ತಿರುಗಿಸಿದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಗಾಡಿಯೂ ಬೆಳಿಗ್ಗೆ ಹಟ ಮಾಡುತ್ತಿದೆಯೇ? ಇಳಿಜಾರು ಹುಡುಕಬೇಡಿ. ಕೆಲವರು ಮಾಡುವಂತೆ ಉರಿಯುವ ಬಟ್ಟೆ ಹಿಡಿದು ಇಂಜಿನ್ ಬಿಸಿ ಮಾಡಲು ಹೋಗಬೇಡಿ. ಬ್ಯಾಟರಿಯ ತುದಿ ನೋಡಿ, ಹೊಗೆ ನೋಡಿ, ಪೈಪಿನ ಒದ್ದೆ ನೋಡಿ. ತಿಳಿಯದಿದ್ದರೆ ಮೆಕ್ಯಾನಿಕ್‌ಗೆ ಹೇಳಿ ಕಳಿಸಿ. ಚಕ್ರದ ಮುಂದೆ ಬಗ್ಗುವವರು ನಿಮ್ಮ ಮನೆಯವರೇ.