ಅತ್ತೆಯವರ ಕಣ್ಣು ಮತ್ತು ಮೂರು ಟ್ರಿಗರ್

ನಮ್ಮ ನಡುಮನೆಯ ಗೋಡೆಯ ಮೇಲೆ ಮಾವ ಮುರುಗೆಪ್ಪನವರು ಇಪ್ಪತ್ತು ವರ್ಷದಿಂದ ಕಣ್ಣು ಮುಚ್ಚಿಕೊಂಡಿದ್ದಾರೆ. ಮನೆಯ ಆಲ್ಬಮ್ಮುಗಳೆಲ್ಲ 2015ರ ನೆರೆಯಲ್ಲಿ ಹಾಳಾದ ಮೇಲೆ ಅವರದೆಂದು ಉಳಿದದ್ದು ಅದೊಂದೇ ಫೋಟೋ. ಅತ್ತೆ ಶಂಕ್ರಮ್ಮ ದಿನಾ ಬೆಳಿಗ್ಗೆ ಅದಕ್ಕೆ ಮಲ್ಲಿಗೆ ಮಾಲೆ ಹಾಕುತ್ತ, "ಏಳ್ರಿ, ಬಿಸಲು ನೆತ್ತಿಗೆ ಬಂತು," ಎಂದು ಗದರುತ್ತಾರೆ. ಬದುಕಿದ್ದಾಗಲೂ ಮಾವ ಊಟವಾದೊಡನೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರಂತೆ, ನೆಂಟರು ಬಂದರೂ ಏಳುತ್ತಿರಲಿಲ್ಲವಂತೆ. ಫೋಟೋ ತೆಗೆಸಿಕೊಳ್ಳುವ ಅರೆಗಳಿಗೆಯಾದರೂ ಎಚ್ಚರವಾಗಿರಬಾರದಿತ್ತೇ ಎಂಬುದು ಅತ್ತೆಯವರ ಮುಗಿಯದ ತಕರಾರು.

ಎಪ್ಪತ್ತೆಂಟು ತುಂಬಿದ ದಿನ ಅವರು ಮಾವನ ಪಕ್ಕದ ಖಾಲಿ ಮೊಳೆಯನ್ನು ನಮಗೆ ತೋರಿಸಿದರು.

"ನಾಳೆ ನನ್ನನ್ನೂ ಇಲ್ಲೇ ತೂಗ ಹಾಕ್ತೀರಿ. ಇಬ್ಬರೂ ಮಲಕೊಂಡ್ರ ಮನಿ ಕಾಯೋರು ಯಾರು? ನನ್ನ ಫೋಟೋದಾಗ ಕಣ್ಣು ತೆರೆದಿರಬೇಕು."

ಮನೆಯೊಳಗೆ ಬೇಡ, ಬಯಲಿನಲ್ಲೇ ತೆಗೆಯಬೇಕು ಎಂದೂ ಹೇಳಿದರು. ಮಾವ ಫೋಟೋದಲ್ಲಿ ತೂಕಡಿಸಿದ್ದು ಮನೆಯೊಳಗಿನ ಮಬ್ಬಿನಿಂದ ಎಂದು ಅವರ ನಂಬಿಕೆ.

ಸ್ಟುಡಿಯೋದವರನ್ನು ಕರೆದರೆ ಅರ್ಧ ಗಂಟೆಯ ಕೆಲಸ ಎಂದೆ. ನನ್ನ ಗಂಡ ಶಿವರಂಜನ್ ನನ್ನನ್ನು ನೋಡಿದ ನೋಟಕ್ಕೆ ಎತ್ತಿಕೊಂಡಿದ್ದ ಫೋನು ಕೆಳಗಿಟ್ಟೆ. ಇವರು ಕೀಲ್ಪಾಕಿನಲ್ಲಿ ಹಲ್ಲಿನ ಡಾಕ್ಟರು. ವಾರದ ಆರು ದಿನ ಊರಿನವರ ಬಾಯಿ ತೆರೆಸುತ್ತಾರೆ, ಭಾನುವಾರ ಕ್ಯಾಮೆರಾ ಒರೆಸುತ್ತಾರೆ. ಅವ್ವನ ಫೋಟೋ ತಾವೇ ತೆಗೆಯಬೇಕೆಂದು ಹಟ ಹಿಡಿದರು. ಆ ಹಟದ ಹಿಂದೆ ಬೇರೇನೋ ಇದೆಯೆಂದು ನನಗಾಗ ಹೊಳೆಯಲಿಲ್ಲ.

ಭಾನುವಾರವೆಂದ ಮೇಲೆ ಅತ್ತೆಯವರ ಪಂಚಾಂಗ ಹೊರಬಂತು. ಬೆಳಿಗ್ಗೆ ಹತ್ತರವರೆಗೆ ಪೂಜೆ, ತಿಂಡಿ. ಹನ್ನೆರಡರಿಂದ ಒಂದೂವರೆ ಯಮಗಂಡ. ಗೋಡೆಗೇರುವ ಫೋಟೋವನ್ನು ಆ ಹೊತ್ತಿನಲ್ಲಿ ತೆಗೆಸಿಕೊಂಡು ಯಮನಿಗೆ ನೆನಪು ಮಾಡುವಷ್ಟು ಅವರು ದಡ್ಡರಲ್ಲ. ಆಮೇಲೆ ಊಟ, ನಿದ್ದೆ. ನಾಲ್ಕೂವರೆಯಿಂದ ಆರು, ಬೆಳಕು ಬಂಗಾರದಂತಿರುವಾಗ, ರಾಹುಕಾಲ. ಉಳಿದದ್ದು ಹನ್ನೊಂದು ಗಂಟೆ. ಆ ಹೊತ್ತಿಗೆ ಮೈಲಾಪೂರಿನ ನಮ್ಮ ತಾರಸಿಯಲ್ಲಿ ಹಪ್ಪಳ ಒಣಗಿಸಬಹುದು, ಮನುಷ್ಯರನ್ನಲ್ಲ.

ಮೊದಲ ಭಾನುವಾರ ಬರೀ ಬಿಸಿಲಿನಲ್ಲಿ ತೆಗೆದರು. ಕಣ್ಣಿನ ಜಾಗದಲ್ಲಿ ಎರಡು ಗುಳಿ ಬಂದವು. ನೆರಳು ತುಂಬಲು ಫ್ಲಾಶ್ ಬೇಕು, ಅದು ಕ್ಯಾಮೆರಾದಿಂದ ದೂರ, ಸ್ಟ್ಯಾಂಡಿನ ಮೇಲಿರಬೇಕು, ಅದಕ್ಕೆ ತಂತಿಯಿಲ್ಲದೆ 'ಈಗ ಹೊಳೆ' ಎಂದು ಹೇಳಲು ಟ್ರಿಗರ್ ಎಂಬ ಬೆಂಕಿಪೊಟ್ಟಣದಂಥ ಪೆಟ್ಟಿಗೆ ಬೇಕು ಎಂದರು. ಅಗ್ಗದ ಒಂದನ್ನು ತರಿಸಿದರು. ಎರಡನೇ ಭಾನುವಾರದ ಫೋಟೋದಲ್ಲಿ ಅತ್ತೆ ಗಲ್ಲದವರೆಗೆ ಬೆಳಗಿದರು, ಕೆಳಗೆಲ್ಲ ಕತ್ತಲು. ಬಿಸಿಲಿಗಾಗಿ ಕ್ಯಾಮೆರಾದೊಳಗಿನ ಶಟರ್ ಪರದೆ ಸರ್ರನೆ ಮುಚ್ಚುತ್ತದೆ, ಆ ವೇಗಕ್ಕೆ ಈ ಟ್ರಿಗರ್ ಹೊಂದುವುದಿಲ್ಲ, ಹೈಸ್ಪೀಡ್ ಸಿಂಕ್ ಇರುವುದೇ ಬೇಕು ಎಂದು ನನಗೆ ಪಾಠವಾಯಿತು. ಪಕ್ಕದ ಫ್ಲಾಟಿನವರು ಆ ಚಿತ್ರ ನೋಡಿ ಅಮ್ಮನವರಿಗೆ ಹುಷಾರಿಲ್ಲವೇ ಎಂದು ಕೇಳಿದರು.

ಅಲ್ಲಿಂದ ಒಂದು ತಿಂಗಳು ನಮ್ಮ ಊಟದ ಮೇಜಿನಲ್ಲಿ ಟ್ರಿಗರಿನದೇ ಮಾತು. ಯಾವುದರ ರೇಡಿಯೋ ಎಷ್ಟು ದೂರ ಮುಟ್ಟುತ್ತದೆ, ಯಾವುದರ ಬ್ಯಾಟರಿ ಬೇಗ ಸಾಯುತ್ತದೆ, ಯಾವುದು ನಮ್ಮ ಫ್ಲಾಶ್ ಜೊತೆ ಮಾತು ಬಿಡುತ್ತದೆ. ನನಗೆ ಗಂಡು ನೋಡುವಾಗ ನಮ್ಮ ಮನೆಯವರು ಇಷ್ಟು ವಿಚಾರಿಸಿರಲಿಲ್ಲ. ಕೋಡಂಬಾಕ್ಕಂನಲ್ಲಿ ಶೂಟಿಂಗಿಗೆ ಲೈಟು ಬಾಡಿಗೆ ಕೊಡುವ ಹರಿದಾಸ ಎಂಬವರು ಅಗ್ಗದ್ದರ ಬದಲಿಗೆ ಇನ್ನೆರಡು ತೋರಿಸಿ, ಸಾದಾ ಗುಂಡಿಗಳಿರುವ ಎರಡನೆಯದೇ ಸಾಕು ಡಾಕ್ಟ್ರೇ ಎಂದರಂತೆ. ಇವರು ಕೇಳಲಿಲ್ಲ. ಬೆಳಕನ್ನು ತಾನೇ ಅಳೆದು, ತಾನೇ ಲೆಕ್ಕ ಹಾಕಿ, ತಾನೇ ತೀರ್ಮಾನಿಸುವ ಮೂರನೆಯದನ್ನು ತಂದರು. ಮನೆಯಲ್ಲಿ ಹಾಗೆ ಮಾಡುವವರು ಆಗಲೇ ಇಬ್ಬರಿದ್ದರು.

ಆ ಭಾನುವಾರ ಅತ್ತೆ ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ, ತಾರಸಿಯ ಕುರ್ಚಿಯಲ್ಲಿ ಕೂತರು. ಇವರು ನಲವತ್ತು ಫೋಟೋ ತೆಗೆದರು. ಬೆಳಕು ಸೊಗಸು, ಸೀರೆಯ ಅಂಚಿನ ಒಂದೊಂದು ಎಳೆ ಕಾಣುತ್ತಿತ್ತು, ಹಿಂದಿನ ನೀರಿನ ಟ್ಯಾಂಕು ಮಂಜಾಗಿ ಕರಗಿತ್ತು. ನಲವತ್ತರಲ್ಲೂ ಕಣ್ಣು ಮುಚ್ಚಿತ್ತು.

"ಅದು ಎರಡ ಸಲ ಮಿಂಚತೈತಿ," ಎಂದರು ಅತ್ತೆ. "ಮೊದಲನೇದಕ್ಕ ನನ್ನ ಕಣ್ಣು ಮುಚ್ಚತಾವು. ಅಷ್ಟರಾಗ ಎರಡನೇದು ಬರತೈತಿ."

ಒಂದೇ ಸಲ ಅವ್ವ ಎಂದರು ಇವರು. ನಾನೂ ಒಂದೇ ಎಂದೆ, ನನಗೆ ಕಂಡದ್ದು ಒಂದೇ. ಪೊರೆ ತೆಗೆಸಿದ ಕಣ್ಣಲ್ಲವೇ, ಹಾಗೆ ಕಾಣುತ್ತದೆ ಎಂದು ಇವರು ಡಾಕ್ಟರಗಿರಿ ಬೇರೆ ಮಾಡಿದರು. ಅತ್ತೆ ಸೆರಗಿನಿಂದ ಬೆವರು ಒರೆಸಿಕೊಂಡರು, ಆಮೇಲೆ ಕಣ್ಣೂ ಒರೆಸಿಕೊಂಡರು.

"ಬಿಡ್ರಿ. ನಾನೂ ಅವರಂಗ ಮಲಕೊಂಡ ಇರತೇನಿ."

ನನಗೆ ತಡೆಯಲಾಗಲಿಲ್ಲ. ದಿನಾ ಜಗಳವಾಡುವ ಅತ್ತೆ ಸೋತು ಕೂತದ್ದನ್ನು ನೋಡುವುದು ನನಗೆ ಕಷ್ಟ. ಗಂಟೆ ಹನ್ನೊಂದೂ ಮುಕ್ಕಾಲು, ಯಮಗಂಡಕ್ಕೆ ಕಾಲು ಗಂಟೆ. ಇವರ ಫೋನು ಕಿತ್ತುಕೊಂಡು ಹರಿದಾಸರಿಗೆ ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟು, ಅತ್ತೆ ಎರಡು ಸಲ ಮಿಂಚುತ್ತದೆ ಎನ್ನುತ್ತಾರೆ ಎಂದೆ.

"ಅಮ್ಮ ಹೇಳೋದು ಕರೆಕ್ಟು ಮ್ಯಾಡಮ್," ಎಂದರು ಹರಿದಾಸ. "ಮೊದಲು ಅಳತೆಗೆ ಒಂದು ಫ್ಲಾಶ್ ಬಿಡುತ್ತೆ, ಆಮೇಲೆ ಫೋಟೋಗೆ ಒಂದು. ನಮಗೆ ಎರಡೂ ಸೇರಿ ಒಂದೇ ಅನ್ಸುತ್ತೆ, ಆದ್ರೆ ಕೆಲವರ ರೆಪ್ಪೆ ಫಾಸ್ಟು. ಟ್ರಿಗರಿನಲ್ಲಿ ಎಂ ಅಂತ ಇದೆ, ಮ್ಯಾನ್ಯುಯಲ್, ಅದಕ್ಕೆ ಹಾಕಿ. ಅಳತೆ ನಾವೇ ಮಾಡ್ಕೋಬೇಕು, ಅವ್ಳೋದಾನ್, ಅಷ್ಟೇ."

ಇವರು ಗುಂಡಿ ಒತ್ತಿ ಎಂಗೆ ಹಾಕಿದರು. ಎರಡು ಸಲ ಬೆಳಕು ಹೆಚ್ಚುಕಡಿಮೆ ಮಾಡಿದರು. ಮೂರನೆಯದರಲ್ಲಿ ಅತ್ತೆ ನೆಟ್ಟಗೆ ನಮ್ಮನ್ನೇ ನೋಡುತ್ತಿದ್ದರು, ಹಾಲು ಉಕ್ಕಲು ಬಿಟ್ಟವಳನ್ನು ನೋಡುವ ಅದೇ ನೋಟ. ಇದು ಗೋಡೆಗೇರಿದರೆ ಕಳ್ಳನೇನು, ನಾನೇ ಒಳಗೆ ಬರಲು ಅಂಜಬೇಕು.

ನಾನು ಚಪ್ಪಾಳೆ ತಟ್ಟಿದೆ. ಇವರು ಮಾತ್ರ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಟ್ರಿಗರನ್ನೇ ನೋಡುತ್ತಿದ್ದರು.

"ಅವ್ವಾ, ಅಪ್ಪಾರ ಫೋಟೋ ತೆಗೆದಾವ ನಾನ," ಎಂದರು. "ನನ್ನ ಮೊದಲನೇ ಕ್ಯಾಮೆರಾ. ಕೆಡಿಸಿದೆ ಅಂತ ಇಷ್ಟ ವರ್ಷ ಹೇಳಿದ್ದಿಲ್ಲ. ಕಣ್ಣು ಕೆಂಪಗ ಬರಬಾರದಂತ ಅದೂ ಮೊದಲ ಒಂದ ಸಲ ಮಿಂಚತಿತ್ತು."

ಅತ್ತೆ ಕುರ್ಚಿಯಲ್ಲೇ ಇವರ ಕಡೆ ತಿರುಗಿದರು.

"ಅಂದ್ರ ಅವರು ಮಲಗಿದ್ದಿಲ್ಲ?"

"ಇಲ್ಲವ್ವ. ನಾನ ಕರದಿದ್ದೆ. ನನ್ನ ಕಡೆನೇ ನೋಡಾಕತ್ತಿದ್ರು."

ಅತ್ತೆ ಎದ್ದು ಕೆಳಗೆ ಹೋದರು. ತಮ್ಮ ಫೋಟೋ ತೋರಿಸು ಎಂದೂ ಕೇಳಲಿಲ್ಲ. ಆ ದಿನ ಊಟದಲ್ಲಿ ಯಾರೂ ಟ್ರಿಗರಿನ ಹೆಸರೆತ್ತಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕಾಫಿ ಸೋಸುತ್ತ ಕಿವಿಗೊಟ್ಟು ನಿಂತಿದ್ದೆ. ಎಂದಿನ ಗದರಿಕೆ ಬರಲಿಲ್ಲ. ಇಣುಕಿ ನೋಡಿದರೆ, ಅತ್ತೆ ಹಳೆಯ ಮಾಲೆ ತೆಗೆದು, ಗಾಜನ್ನು ಸೆರಗಿನಿಂದ ಒರೆಸಿ, ಹೊಸ ಮಲ್ಲಿಗೆ ಹಾಕಿ, ಮಾವನ ಮುಚ್ಚಿದ ಕಣ್ಣುಗಳ ಮುಂದೆ ನಿಂತಿದ್ದರು.

"ಇಪ್ಪತ್ತು ವರ್ಷ ಬೈದೇನಿ," ಎಂದರು ಮೆಲ್ಲಗೆ. ಆಮೇಲೆ ದನಿ ಎಂದಿನಂತೆ ಏರಿತು. "ಒಂದ ಸಲನಾದ್ರೂ ಹೇಳಬಾರದಿತ್ತೇನ್ರಿ?"